ಮನೆ ಮ್ಯೂಸಿಯಂ: ಕರಾವಳಿ ಮತ್ತು ಮಲೆನಾಡು

ಜನ ಹುಟ್ಟಿ ಬೆಳೆದು ಬಾಳಿದ ಮನೆಯೊಂದನ್ನು ಅದರ ಪಾತ್ರೆ ಪಗಡ, ಪೆಟ್ಟಿಗೆ ಪೆಟಾರಿ, ಒಲೆ ಒರಳುಗಳ ಸಮೇತ ಉಳಿಸಿಕೊಂಡು, ಬಂದವರು ಒಳಗೆ ಅಡ್ಡಾಡಿ ನೋಡುವಂತೆ ತೆರೆದಿಟ್ಟರೆ ಅದು ಮನೆ ಮ್ಯೂಸಿಯಂ. ಸಾಮಾನ್ಯ ವಸ್ತುಸಂಗ್ರಹಾಲಯದಲ್ಲಿ ವಸ್ತು ತನ್ನ ಜಾಗ ಬಿಟ್ಟು ಗಾಜಿನ ಕಪಾಟಿಗೆ ಬಂದು ಕೂರುತ್ತದೆ. ಕೆಳಗೊಂದು ಚೀಟಿ ಇಲ್ಲದಿದ್ದರೆ ಅದು ಮಜ್ಜಿಗೆ ಕಡೆಯುವ ಕಡಗೋಲೆಂದು ಇಂದಿನ ಮಕ್ಕಳಿಗೆ ತಿಳಿಯುವುದಿಲ್ಲ. ಮನೆ ಮ್ಯೂಸಿಯಂನಲ್ಲಿ ಕಡಗೋಲು ಅಡುಗೆಮನೆಯ ಕಂಬದ ಹತ್ತಿರವೇ ಇರುತ್ತದೆ, ಕಂಬಕ್ಕೆ ಹಗ್ಗ ಉಜ್ಜಿದ ಗುರುತೂ ಇರುತ್ತದೆ. ಇಲ್ಲಿ ಮೊದಲ ವಸ್ತು ಕಟ್ಟಡವೇ. ಎಷ್ಟು ಬಗ್ಗಿದರೆ ಬಾಗಿಲು ದಾಟಬಹುದು, ಜಗುಲಿಯಲ್ಲಿ ಕೂತವನಿಗೆ ಒಳಗಿನ ಎಷ್ಟು ಭಾಗ ಕಾಣುತ್ತದೆ, ಮಳೆಗಾಲದಲ್ಲಿ ಬಚ್ಚಲಿಗೆ ಹೋಗಲು ನೆನೆಯಬೇಕೇ ಬೇಡವೇ ಎಂಬುದನ್ನೆಲ್ಲ ನೋಡುಗನ ಮೈಯೇ ಓದಿಕೊಳ್ಳುತ್ತದೆ.

ಈ ಬಗೆಯ ಸಂಗ್ರಹಾಲಯಗಳನ್ನು ಮೂರು ಜಾತಿಯಾಗಿ ನೋಡಬಹುದು. ಪ್ರಸಿದ್ಧರೊಬ್ಬರ ಮನೆಯನ್ನು ಇದ್ದಲ್ಲೇ ಉಳಿಸಿಕೊಂಡದ್ದು ಒಂದು. ಬೇರೆಲ್ಲೋ ಬೀಳುತ್ತಿದ್ದ ಮನೆಯನ್ನು ಬಿಚ್ಚಿ ತಂದು ಮತ್ತೆ ನಿಲ್ಲಿಸಿದ್ದು ಇನ್ನೊಂದು. ಹಳೆಯ ಮನೆಯ ಮಾದರಿಯಲ್ಲಿ ಹೊಸದಾಗಿ ಕಟ್ಟಿ, ಒಳಗೆ ಆಳೆತ್ತರದ ಬೊಂಬೆಗಳನ್ನು ಕೂರಿಸಿದ್ದು ಮೂರನೆಯದು. ಕರ್ನಾಟಕದಲ್ಲೂ ಅದರ ಗಡಿಗಳಲ್ಲೂ ಮೂರೂ ಇವೆ. ಹೊನ್ನಾವರ ಮತ್ತು ಕುಮಟಾ ನಡುವೆ ರಾಷ್ಟ್ರೀಯ ಹೆದ್ದಾರಿ 66ರ ಮೇಲಿರುವ ಹಳದೀಪುರದಂಥ ಊರಿನಿಂದ ಹೊರಟವರಿಗೆ ದಕ್ಷಿಣದಲ್ಲಿ ಮಣಿಪಾಲ, ಘಟ್ಟದ ಮೇಲೆ ಕುಪ್ಪಳಿ, ಇವೆರಡೂ ಒಂದು ದಿನದ ಪ್ರಯಾಣದ ಅಳತೆಯಲ್ಲಿವೆ. ಈ ಲೇಖನ ಮುಖ್ಯವಾಗಿ ಅವೆರಡರ ಬಗ್ಗೆ, ಮತ್ತು ಅವುಗಳಲ್ಲಿ ಸಿಕ್ಕದೆ ಹೋದ ಮನೆಗಳ ಬಗ್ಗೆ.

ಹೊರಗಿನ ಜಗತ್ತು

ಲಂಡನ್ನಿನ ವಾಸ್ತುಶಿಲ್ಪಿ ಸರ್ ಜಾನ್ ಸೋನ್ ತನ್ನ ಮನೆಯನ್ನು ಇದ್ದ ಹಾಗೆಯೇ ಉಳಿಸಬೇಕೆಂದು ಹಟ ಹಿಡಿದು 1833ರಲ್ಲಿ ಬ್ರಿಟಿಷ್ ಸಂಸತ್ತಿನಿಂದ ಕಾಯಿದೆಯನ್ನೇ ಮಾಡಿಸಿಕೊಂಡ. ಅಮೆರಿಕದಲ್ಲಿ ಜಾರ್ಜ್ ವಾಷಿಂಗ್ಟನ್ನನ ಮೌಂಟ್ ವರ್ನನ್ ಮನೆಯನ್ನು 1858ರಲ್ಲಿ ಹೆಂಗಸರದೇ ಒಂದು ಸಂಘ ಚಂದಾ ಎತ್ತಿ ಕೊಂಡುಕೊಂಡಿತು. ಅಲ್ಲಿ ಬಹುಕಾಲ ಯಜಮಾನನ ಊಟದ ಕೋಣೆ, ಮಲಗುವ ಕೋಣೆಗಳೇ ಪ್ರದರ್ಶನ. ಆ ಜಮೀನಿನಲ್ಲಿ ದುಡಿದ, 1799ರಲ್ಲಿ ಆತ ಸತ್ತಾಗ ಮುನ್ನೂರಕ್ಕೂ ಹೆಚ್ಚಿದ್ದ, ಗುಲಾಮರು ಎಲ್ಲಿ ಮಲಗುತ್ತಿದ್ದರೆಂದು ತೋರಿಸಲು ಇಪ್ಪತ್ತನೆಯ ಶತಮಾನ ಬೇಕಾಯಿತು. ಈ ಸಂಗತಿಯನ್ನು ಮುಂದೆ ನಮ್ಮ ಊರಿನ ಲೆಕ್ಕಕ್ಕೂ ತರಬೇಕಾಗುತ್ತದೆ.

ಬಿಚ್ಚಿ ತಂದು ಕಟ್ಟುವ ಪದ್ಧತಿಗೆ ಸ್ವೀಡನ್ನಿನ ಸ್ಕಾನ್ಸೆನ್ ಮೂಲ. ಆರ್ಟುರ್ ಹಜೇಲಿಯಸ್ ಅದನ್ನು 1891ರಲ್ಲಿ ಸ್ಟಾಕ್‌ಹೋಮಿನಲ್ಲಿ ತೆರೆದ. ಚೆನ್ನೈ ಹತ್ತಿರದ ದಕ್ಷಿಣಚಿತ್ರ (1996) ಅದೇ ದಾರಿಯದು. ನಾಲ್ಕು ದಕ್ಷಿಣ ರಾಜ್ಯಗಳ ಮನೆಗಳ ನಡುವೆ ಇಳಕಲ್ಲಿನ ನೇಕಾರರ ಮನೆಯೂ ಅಲ್ಲಿದೆ.

ಪ್ರವೇಶಿಸಿದವನನ್ನು ಕಾಲದೊಳಕ್ಕೆ ಎಳೆದುಕೊಳ್ಳುವ ಬಗೆಯಲ್ಲಿ ಎಲ್ಲಕ್ಕಿಂತ ವಿಚಿತ್ರವಾದದ್ದು ಲಂಡನ್ನಿನ 18, ಫೋಲ್ಗೇಟ್ ಸ್ಟ್ರೀಟ್. ಡೆನಿಸ್ ಸೆವರ್ಸ್ ಎಂಬ ಅಮೆರಿಕನ್ 1979ರಲ್ಲಿ ಆ ಮನೆ ಕೊಂಡು, ರೇಷ್ಮೆ ನೇಯ್ಗೆಯ ಕಾಲ್ಪನಿಕ ಕುಟುಂಬವೊಂದರಿಂದ ಅದರಲ್ಲಿ ಸಂಸಾರ ಹೂಡಿಸಿದ. ಕುಟುಂಬದವರು ಯಾರೂ ಕಾಣುವುದಿಲ್ಲ. ಅರ್ಧ ತಿಂದ ತಟ್ಟೆ, ಉರಿಯುವ ಮೇಣದಬತ್ತಿ, ಕೆದರಿದ ಹಾಸಿಗೆ, ಮೇಲಿನ ಮಹಡಿಯಲ್ಲಿ ಯಾರೋ ನಡೆದಾಡಿದ ಸದ್ದು, ಇಷ್ಟೇ. ನೋಡುಗರು ಮಾತಾಡದೆ ಕೋಣೆಯಿಂದ ಕೋಣೆಗೆ ಹೋಗಬೇಕು. ಅಲ್ಲಿನ ಒಂದು ವಸ್ತುವೂ ಆ ಮನೆಗೆ ಸೇರಿದ್ದಾಗಿರಬೇಕೆಂದಿಲ್ಲ, ಕತೆ ಪೂರ್ತಿ ಕಟ್ಟಿದ್ದು. ಆದರೂ ಅಲ್ಲಿಂದ ಹೊರಬಂದವರು ಅಸಲಿ ಅರಮನೆ ನೋಡಿದವರಿಗಿಂತ ಹೆಚ್ಚು ನಂಬಿಕೊಂಡು ಬರುತ್ತಾರೆ. ವಾಸನೆ, ಸದ್ದು, ಬೆಳಕು ಇವುಗಳ ಕೆಲಸ ಅಂಥದು. ನಮ್ಮ ಕಡೆಯ ಮ್ಯೂಸಿಯಂಗಳು ಈ ಮೂರನ್ನು ಬಿಟ್ಟು ಉಳಿದೆಲ್ಲದಕ್ಕೂ ಹಣ ಖರ್ಚು ಮಾಡುತ್ತವೆ.

ಕರಾವಳಿಯ ಮನೆ

ಹಳದೀಪುರ, ಕರ್ಕಿ, ಧಾರೇಶ್ವರದ ಕಡೆಯ ಹಳೆಯ ಮನೆಯೆಂದರೆ ಚಿರೆಕಲ್ಲಿನ ಗೋಡೆ, ಹಲಸು ಅಥವಾ ಸಾಗವಾನಿಯ ಕಂಬ, ಕಡಿದಾಗಿ ಇಳಿದ ಮಾಡು. ಚಿರೆಕಲ್ಲು ನೆಲದಿಂದ ಎಬ್ಬಿಸುವಾಗ ಮೆತ್ತಗಿದ್ದು ಗಾಳಿ ತಾಗಿದಂತೆ ಗಟ್ಟಿಯಾಗುವ ಕಲ್ಲು. ಈ ಪಟ್ಟಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಆದ್ದರಿಂದ ಇಲ್ಲಿನ ಮನೆ ಎಂದರೆ ಮೊದಲು ಮಾಡು, ಆಮೇಲೆ ಗೋಡೆ. ಮಾಡು ಗೋಡೆಯಿಂದ ಎಷ್ಟು ಮುಂದಕ್ಕೆ ಚಾಚಿದೆ ಎಂಬುದರ ಮೇಲೆ ಮನೆಯ ಆಯುಷ್ಯ ನಿಂತಿದೆ.

ಅಂಗಳದಲ್ಲಿ ತುಳಸಿಕಟ್ಟೆ, ಬೇಸಿಗೆಯಲ್ಲಿ ಅಡಿಕೆ ದಬ್ಬೆಯ ಚಪ್ಪರ. ಮೆಟ್ಟಿಲು ಹತ್ತಿದರೆ ಜಗುಲಿ. ಬಂದವನ ಜಾತಿ, ನೆಂಟಸ್ತಿಕೆ, ಕೆಲಸ ನೋಡಿ ಅವನನ್ನು ಎಲ್ಲಿ ಕೂರಿಸಬೇಕೆಂದು ತೀರ್ಮಾನವಾಗುತ್ತಿದ್ದ ಜಾಗ ಅದು. ಆಚೆ ನಡುಮನೆ, ದೇವರ ಕೋಣೆ, ಅಡುಗೆಮನೆ. ಬದಿಗೆ ಬಚ್ಚಲು, ಅಲ್ಲಿ ತಾಮ್ರದ ಹಂಡೆ. ಹಿಂದೆ ಬಾವಿ, ಕೊಟ್ಟಿಗೆ. ಏಣಿ ಹತ್ತಿದರೆ ಮೆತ್ತು. ಮಳೆಗಾಲಕ್ಕೆ ಬೇಕಾದ ಹಪ್ಪಳ, ಉಪ್ಪಿನಕಾಯಿ ಜಾಡಿ, ಒಣಗಿದ ಮುರುಗಲ ಸಿಪ್ಪೆ, ಒಡೆಯದ ತೆಂಗಿನಕಾಯಿ ಎಲ್ಲ ಅಲ್ಲಿ. ಕೆಳಗಿನ ಒಲೆಯ ಹೊಗೆ ಮೆತ್ತಿಗೇರಿ ಮರಕ್ಕೆ ಹಿಡಿಯುವುದರಿಂದ ಒರಲೆಗೂ ಕುಟ್ಟೆಗೂ ಅಲ್ಲಿ ಆಸ್ಪದ ಕಡಿಮೆ. ಒಲೆ ಆರಿದ ಮನೆ ಮ್ಯೂಸಿಯಂ ಆದಾಗ ಮೊದಲು ಕೆಡುವುದು ಈ ಮೆತ್ತೇ. ಸೌದೆ ಒಲೆಯ ಬದಲು ಔಷಧಿ ಹೊಡೆಯಬೇಕಾಗುತ್ತದೆ, ಅದರ ವಾಸನೆ ಮನೆಯ ವಾಸನೆಯಲ್ಲ.

ಹಂಚಿನ ವಿಷಯದಲ್ಲಿ ಒಂದು ಎಚ್ಚರಿಕೆ. ಬಾಸೆಲ್ ಮಿಷನ್ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ಆಲ್ಬುಕರ್ಕ್ ಕಂಪನಿಯದು 1868ರಲ್ಲಿ. ಅಲ್ಲಿಯವರೆಗೆ ಈ ಕಡೆ ಸೋಗೆ, ಮಡಲು, ಹುಲ್ಲು, ಇಲ್ಲವೆ ಕುಂಬಾರನ ಕೈಹಂಚು. ಮಂಗಳೂರು ಹಂಚನ್ನು ಮಗುಚಿದರೆ ಒಳಮೈಯಲ್ಲಿ ಕಾರ್ಖಾನೆಯ ಹೆಸರಿನ ಜೊತೆ ಇಸವಿಯೂ ಒತ್ತಿರುತ್ತದೆ. ಅನೇಕ ಮನೆಗಳ ಯಜಮಾನರು ಅದನ್ನು ತೋರಿಸಿ ‘ನಮ್ಮ ಮನೆ 1865ರದ್ದು’ ಎನ್ನುವುದುಂಟು. ಅದು ಕಾರ್ಖಾನೆ ಶುರುವಾದ ಇಸವಿ. ಅದೇ ಅಚ್ಚು ಮುಂದೆ ಎಷ್ಟೋ ದಶಕ ಬಳಕೆಯಲ್ಲಿತ್ತು. ಮನೆಯ ವಯಸ್ಸು ತಿಳಿಯಬೇಕಾದವರು ಹಂಚು ಬಿಟ್ಟು ತೊಲೆಗಳ ಕೂಡುಗಂಡಿ, ಬಾಗಿಲವಾಡದ ಕೆತ್ತನೆ, ಮನೆಯ ಪಾಲುಪಟ್ಟಿಯ ಕಾಗದ ಇವುಗಳನ್ನು ನೋಡುವುದು ಕ್ಷೇಮ.

ಗೋಡೆಯ ಅಲಂಕಾರವೂ ಈ ಪಟ್ಟಿಗೆ ವಿಶೇಷವಾದದ್ದು. ಸುಣ್ಣದ ಗಾರೆಯ ಮೇಲೆ ಕೆಮ್ಮಣ್ಣಿನ ಬಣ್ಣ ಬಳಿದು, ಹಸಿಯಿರುವಾಗಲೇ ಮೊನೆಯಿಂದ ಕೆರೆದು ಬಿಳಿ ಗೆರೆ ಹೊರಡಿಸುವ ಕಾವಿ ಕಲೆ ಗೋವೆಯಿಂದ ಉತ್ತರ ಕನ್ನಡದವರೆಗೆ ಗುಡಿಗಳಲ್ಲೂ ದೊಡ್ಡ ಮನೆಗಳಲ್ಲೂ ಇತ್ತು. ಆಯಿಲ್ ಪೇಂಟ್, ಸಿಮೆಂಟು, ಗ್ರಾನೈಟ್ ಬಂದ ಮೇಲೆ ಜೀರ್ಣೋದ್ಧಾರದ ಹೆಸರಿನಲ್ಲಿ ಅದನ್ನು ಕೆರೆದು ಹಾಕಿದವರೇ ಹೆಚ್ಚು. ಹೊನ್ನಾವರದಲ್ಲಿ ಹುಟ್ಟಿದ ವಿಜ್ಞಾನಿ, ಲೇಖಕ, ಛಾಯಾಚಿತ್ರಗಾರ ಕೃಷ್ಣಾನಂದ ಕಾಮತ್ (1934–2002) ಊರೂರು ಅಲೆದು ಈ ಚಿತ್ರಗಳನ್ನು ದಾಖಲೆ ಮಾಡಿದರು. ಗೋಡೆ ಹೋದ ಎಷ್ಟೋ ಕಡೆ ಈಗ ಉಳಿದಿರುವುದು ಅವರ ಫೋಟೋ ಮಾತ್ರ.

ಈ ಮನೆಗಳು ಬಿದ್ದದ್ದೇಕೆ? ಮಳೆ, ಒರಲೆ, ಪಾಲು ಪಂಚಾಯ್ತಿ ಎಲ್ಲವೂ ಕಾರಣ. ಮುಂಬಯಿಗೋ ಬೆಂಗಳೂರಿಗೋ ಹೋದ ಮಕ್ಕಳೂ ಕಾರಣ. ಆದರೆ ನಿರ್ಣಾಯಕವಾದದ್ದು ಭೂಸುಧಾರಣೆ. ಕರ್ನಾಟಕದ ತಿದ್ದುಪಡಿ ಕಾಯಿದೆ 1974ರ ಮಾರ್ಚ್ 1ರಿಂದ ಜಾರಿಗೆ ಬಂದು ಗೇಣಿ ಜಮೀನು ಉಳುವವನಿಗೆ ಹೋಯಿತು. ದೊಡ್ಡ ಮನೆಯ ಕಣಜ ತುಂಬುತ್ತಿದ್ದುದು ಗೇಣಿ ಭತ್ತದಿಂದ. ಮಳೆಗೆ ಮುಂಚೆ ಮಾಡು ಹತ್ತುತ್ತಿದ್ದುದು, ಅಂಗಳಕ್ಕೆ ಮಣ್ಣು ಹೊಡೆದು ಸಗಣಿ ಬಳಿಯುತ್ತಿದ್ದುದು ಗೇಣಿದಾರನ ಮನೆಯವರು. ಆ ಏರ್ಪಾಟು ನಿಂತ ಮೇಲೆ ಹತ್ತು ಕೋಣೆಯ ಮನೆ ಯಜಮಾನನಿಗೇ ಭಾರವಾಯಿತು. ಇದನ್ನು ದುಃಖದ ಕತೆಯಾಗಿ ಮಾತ್ರ ಹೇಳುವುದು ಸರಿಯಲ್ಲ. ದಿನಕರ ದೇಸಾಯಿಯವರು ಅಂಕೋಲೆ, ಕುಮಟಾ, ಹೊನ್ನಾವರದ ಕಡೆ ಗೇಣಿದಾರರನ್ನು ಸಂಘಟಿಸಿದ್ದು ಇಂಥ ಮನೆಗಳ ಜಗುಲಿಯ ಎದುರಿಗೇ.

ಮಣಿಪಾಲದ ಹಸ್ತಶಿಲ್ಪ

ಬೀಳುತ್ತಿದ್ದ ಮನೆಗಳ ಹಿಂದೆ ಓಡಿದವರು ಉಡುಪಿಯ ವಿಜಯನಾಥ ಶೆಣೈ (1934–2017). ವೃತ್ತಿಯಿಂದ ಬ್ಯಾಂಕ್ ನೌಕರರು. ಹಳೆಯ ಮನೆ ಕೆಡವುವ ಸುದ್ದಿ ತಿಳಿದ ಕಡೆಯೆಲ್ಲ ಹೋಗಿ ಕಂಬ, ಬಾಗಿಲು, ತೊಲೆ, ತೊಟ್ಟಿಲು, ದೈವದ ಮೂರ್ತಿಗಳನ್ನು ಕೊಂಡು ತಂದು, ಮೊದಲು ಅವುಗಳಿಂದ ಮಣಿಪಾಲದಲ್ಲಿ ತಮಗೇ ಒಂದು ಮನೆ ಕಟ್ಟಿಕೊಂಡರು. ಹೆಸರು ಹಸ್ತಶಿಲ್ಪ. ನೋಡಲು ಬರುವವರ ಕಾಟ ಎಷ್ಟಾಯಿತೆಂದರೆ ಕೊನೆಗೆ ಸಂಸಾರವೇ ಆ ಮನೆ ಬಿಟ್ಟು ಬೇರೆಡೆಗೆ ಹೋಗಿ, ಮನೆಯನ್ನು ಟ್ರಸ್ಟಿಗೆ ಒಪ್ಪಿಸಬೇಕಾಯಿತು. ಮನೆಯವರು ಹೊರಗೆ ಹೋದಾಗಲೇ ಮನೆ ಮ್ಯೂಸಿಯಂ ಆಗುತ್ತದೆ ಎಂಬ ಸತ್ಯವನ್ನು ಇಷ್ಟು ಅಕ್ಷರಶಃ ಅನುಭವಿಸಿದವರು ಕಡಿಮೆ.

ನಂತರದ್ದು ಹಸ್ತಶಿಲ್ಪ ಹೆರಿಟೇಜ್ ವಿಲೇಜ್. ಸುಮಾರು ಆರು ಎಕರೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಕಟ್ಟಡಗಳು. ಕುಂದಾಪುರ ಸೀಮೆಯ ಹರ್ಕೂರಿನ ಒಳಗಿನ ಮನೆ, 1816ರ ಕುಂಜೂರು ಚೌಕಿಮನೆ, ಮಿಯಾರಿನ ಮನೆ, ಕುಕನೂರಿನ ಕಮಲ ಮಹಲ್, ಬಯಲುಸೀಮೆಯ ನವಾಬ ಮಹಲ್, ಮುಧೋಳದ ದರ್ಬಾರು. ಒಂದೊಂದೂ ಹುಟ್ಟಿದ ಊರಿನಲ್ಲಿ ತುಂಡು ತುಂಡಾಗಿ ಬಿಚ್ಚಿ, ಗುರುತು ಹಾಕಿ, ಲಾರಿಯಲ್ಲಿ ತಂದು ಜೋಡಿಸಿದ್ದು. ನಮ್ಮ ಪಟ್ಟಿಯವರು ಹುಡುಕಿ ನೋಡಬೇಕಾದದ್ದು ಭಟ್ಕಳದ ನವಾಯತ ಮುಸಲ್ಮಾನರ ಮನೆಯನ್ನು. ಅರಬ್ ವ್ಯಾಪಾರಿಗಳ ಸಂತತಿಯೆಂದು ಹೇಳಿಕೊಳ್ಳುವ, ಕೊಂಕಣಿಗೆ ಹತ್ತಿರದ ತಮ್ಮದೇ ಮಾತನ್ನಾಡುವ ಈ ಸಮುದಾಯದ ಮನೆಗಳು ಹೊರಗಿನಿಂದ ನಮ್ಮ ಉಳಿದ ಕರಾವಳಿಯ ಮನೆಗಳಂತೆಯೇ ಮಾಡು ಇಳಿಸಿ ನಿಂತಿರುತ್ತವೆ, ಒಳಗಿನ ಹಂಚಿಕೆ ಬೇರೆ. ಭಟ್ಕಳದಲ್ಲಿ ನಾವು ಬೀದಿಯಲ್ಲೇ ನಿಂತು ನೋಡಬಹುದಾದದ್ದನ್ನು, ಒಳಗೆ ಹೋಗಿ ನೋಡಲು ಮಣಿಪಾಲಕ್ಕೆ ಹೋಗಬೇಕು ಎಂಬುದೇ ಒಂದು ತಮಾಷೆ.

ಹೆರಿಟೇಜ್ ವಿಲೇಜನ್ನು ಒಬ್ಬರೇ ತಿರುಗುವಂತಿಲ್ಲ. ಮಾರ್ಗದರ್ಶಿ ಜೊತೆಗೆ ಗುಂಪಾಗಿ ಸುತ್ತಬೇಕು, ಅದಕ್ಕೆ ಅರ್ಧ ದಿನ ಇಟ್ಟುಕೊಳ್ಳುವುದು ಲೇಸು. ಇಲ್ಲಿನ ದೊಡ್ಡ ಗುಣ ಮರದ ಕೆಲಸ. ಒಂದೂ ಮೊಳೆ ಇಲ್ಲದೆ ತೊಲೆಗೆ ತೊಲೆ ಕಚ್ಚಿಸಿದ ಕೂಡುಗಂಡಿಗಳನ್ನು ಇಷ್ಟು ಹತ್ತಿರದಿಂದ, ಇಷ್ಟು ಬಗೆಯಲ್ಲಿ ಕರ್ನಾಟಕದಲ್ಲಿ ಬೇರೆಲ್ಲೂ ನೋಡಲಾಗದು. ದೊಡ್ಡ ಕೊರತೆಯೂ ಅಲ್ಲೇ ಹುಟ್ಟುತ್ತದೆ. ಮನೆ ಬಂದಿದೆ, ಅದರ ತೋಟ, ಬಾವಿ, ಗದ್ದೆ, ಬನ ಬಂದಿಲ್ಲ. ಕರಾವಳಿಯ ಚೌಕಿಮನೆ ಪೂರ್ವಕ್ಕೆ ಮುಖ ಮಾಡಿ, ಗದ್ದೆಯ ಅಂಚಿನಲ್ಲಿ, ನೀರಿಳಿಯುವ ದಿಕ್ಕು ನೋಡಿ ಕೂತದ್ದು. ಬಯಲುಸೀಮೆಯ ಮಹಲಿನ ಪಕ್ಕ ಕೂತಾಗ ಅದರ ಆಯಕ್ಕೆ ಅರ್ಥ ಹೋಗುತ್ತದೆ. ಎರಡು ಸೀಮೆಗಳ ನಡುವಿನ ನಾಲ್ಕುನೂರು ಕಿಲೋಮೀಟರು ಅಲ್ಲಿ ನಾಲ್ಕು ಹೆಜ್ಜೆಯಾಗಿದೆ. ಹಾಗೆಂದು ಶೆಣೈಯವರನ್ನು ದೂರುವುದು ಅನ್ಯಾಯ. ಅವರು ತರದೆ ಇದ್ದಿದ್ದರೆ ಆ ಮನೆಗಳು ಮೂಲದ ಊರಿನಲ್ಲಿ ಉಳಿಯುತ್ತಿರಲಿಲ್ಲ, ಹಳೆ ಮರದ ವ್ಯಾಪಾರಿಯ ಗುಜರಿಯಲ್ಲಿ ಇರುತ್ತಿದ್ದವು. ಅಲ್ಲಿಂದ ಯಾವುದೋ ಹೋಟೆಲಿನ ರಿಸೆಪ್ಶನ್ನಿಗೆ ಎರಡು ಕಂಬ, ಇನ್ನಾವುದೋ ರೆಸಾರ್ಟಿಗೆ ಒಂದು ಬಾಗಿಲು ಹೋಗುತ್ತಿತ್ತು. ಹಾಗೆ ಹೋದವೇ ಹೆಚ್ಚು.

ಕುಪ್ಪಳಿಯ ಕವಿಮನೆ

ಶರಾವತಿಯ ದಂಡೆ ಹಿಡಿದು ಗೇರುಸೊಪ್ಪೆ ಘಟ್ಟ ಹತ್ತಿ, ಸಾಗರ ದಾಟಿ ತೀರ್ಥಹಳ್ಳಿಗೆ ಹೋದರೆ ಕೊಪ್ಪದ ದಾರಿಯಲ್ಲಿ ಕುಪ್ಪಳಿ ಸಿಗುತ್ತದೆ. ಕುವೆಂಪು (1904–1994) ಹುಟ್ಟಿದ್ದು ತಾಯಿಯ ತವರು ಹಿರೇಕೊಡಿಗೆಯಲ್ಲಿ, ಬೆಳೆದದ್ದು ಇಲ್ಲಿ. ಮೂರಂತಸ್ತಿನ ಈ ತೊಟ್ಟಿಮನೆ ಶಿಥಿಲವಾಗಿದ್ದಾಗ ರಾಷ್ಟ್ರಕವಿ ಕುವೆಂಪು ಪ್ರತಿಷ್ಠಾನ (1992) ವಹಿಸಿಕೊಂಡು ಜೀರ್ಣೋದ್ಧಾರ ಮಾಡಿ ಸಂಗ್ರಹಾಲಯವಾಗಿಸಿತು.

ಇದು ಇದ್ದಲ್ಲೇ ಉಳಿದ ಮನೆ. ಮಣಿಪಾಲದಲ್ಲಿ ತಪ್ಪಿದ್ದೆಲ್ಲ ಇಲ್ಲಿ ಇದೆ. ಹಿಂದೆ ಗುಡ್ಡ, ಎದುರು ಗದ್ದೆಯ ಬಯಲು, ಸುತ್ತ ಕಾಡು. ಮೇಲಿನ ಮಹಡಿಯ ಕಿಟಕಿಯಿಂದ ಕಾಣುವುದು ಹೆಚ್ಚುಕಡಿಮೆ ಹುಡುಗ ಪುಟ್ಟಪ್ಪ ಕಂಡದ್ದೇ. ‘ಕಾನೂರು ಹೆಗ್ಗಡಿತಿ’ಯನ್ನೋ ‘ಮಲೆಗಳಲ್ಲಿ ಮದುಮಗಳ’ನ್ನೋ ಓದಿ ಬಂದವರು ತೊಟ್ಟಿಯ ಅಂಚಿನಲ್ಲಿ ನಿಂತು ಪಾತ್ರಗಳನ್ನು ಹುಡುಕುವುದನ್ನು ಯಾವಾಗ ಹೋದರೂ ನೋಡಬಹುದು. ಕಾದಂಬರಿ ಓದದೆ ಬಂದವರಿಗೆ ಅದು ಒಂದು ದೊಡ್ಡ ಹಳೇ ಮನೆ, ಓದಿ ಬಂದವರಿಗೆ ಜನ ತುಂಬಿದ ಮನೆ. ಫೋಲ್ಗೇಟ್ ಸ್ಟ್ರೀಟಿನಲ್ಲಿ ಮೇಣದಬತ್ತಿ ಮಾಡುವ ಕೆಲಸವನ್ನು ಇಲ್ಲಿ ಪುಸ್ತಕ ಮಾಡುತ್ತದೆ.

ಅಡುಗೆಮನೆಯ ಸಾಮಾನು, ಬೇಸಾಯದ ಹತ್ಯಾರು, ಬಚ್ಚಲು, ಬಾಣಂತಿ ಕೋಣೆ ಎಂದು ಒಕ್ಕಲು ಮನೆಯ ದಿನದ ಬದುಕು ಕೆಳಗೆ. ಹಸ್ತಪ್ರತಿ, ಫೋಟೋ, ಪ್ರಶಸ್ತಿಗಳು ಎಂದು ಕವಿಯ ಬದುಕು ಮೇಲೆ. ನಡುವೆ ಕವಿಯ ಮದುವೆಯ ಮಂಟಪ. ಕುವೆಂಪು ಹೇಮಾವತಿಯವರನ್ನು ಮದುವೆಯಾದದ್ದು 1937ರಲ್ಲಿ. ಕೆತ್ತನೆಯ ಆ ಮಂಟಪದ ಹತ್ತಿರ ನಿಲ್ಲುವವರೇ ಜಾಸ್ತಿ; ಜ್ಞಾನಪೀಠಕ್ಕಿಂತ ಅದು ಹತ್ತಿರದ್ದೆನಿಸುತ್ತದೆ. ಆದರೆ ಒಂದು ಮನೆಯಲ್ಲಿ ಎರಡು ಕಾಲ ಕೂಡಿಸಿದಾಗ ಆಗುವ ಇಕ್ಕಟ್ಟು ಇಲ್ಲೂ ಇದೆ. ಕೆಳಗಿನ ಅಡುಗೆಮನೆ 1910ರ ಸುಮಾರಿನದು, ಮೇಲಿನ ಪದಕಗಳು 1958ರ ಈಚಿನವು. ಕವಿ ದಶಕಗಳ ಕಾಲ ಬಾಳಿ ಬರೆದದ್ದು ಮೈಸೂರಿನ ‘ಉದಯರವಿ’ಯಲ್ಲಿ. ಪದಕಗಳು ಅಲ್ಲಿಗೆ ಸೇರಬೇಕಾದವು. 2015ರ ನವೆಂಬರ್‌ನಲ್ಲಿ ಕಳ್ಳರು ಕವಿಮನೆಗೆ ನುಗ್ಗಿ ಪದ್ಮ ಪದಕಗಳನ್ನು ಕದ್ದೊಯ್ದರು, ಜ್ಞಾನಪೀಠ ಉಳಿಯಿತು. ಒರಳು, ಹಂಡೆ, ನೇಗಿಲನ್ನು ಕದಿಯಲು ಯಾರೂ ಬರಲಿಲ್ಲ.

ಮನೆಯ ಹಿಂದಿನ ಕವಿಶೈಲದಲ್ಲಿ ಕಲಾವಿದ ಕೆ.ಟಿ. ಶಿವಪ್ರಸಾದ್ ವಿನ್ಯಾಸದ ಕಲ್ಲುಕಂಬಗಳ ನಡುವೆ ಕವಿಯ ಸಮಾಧಿ ಇದೆ. ಸಂಜೆ ಅಲ್ಲಿ ಸೆಲ್ಫಿಯ ಗದ್ದಲ. ಬೆಳಗಿನ ಹೊತ್ತು ವಾಸಿ.

ಉಳಿದವು

ಆರ್.ಕೆ. ನಾರಾಯಣ್ ಮೈಸೂರಿನ ಯಾದವಗಿರಿಯಲ್ಲಿ ಕಟ್ಟಿಸಿದ ಬಿಳಿ ಮನೆಯನ್ನು 2011ರಲ್ಲಿ ಇನ್ನೇನು ಕೆಡವಬೇಕೆಂದಿದ್ದಾಗ ಊರಿನವರ ಗಲಾಟೆಯಿಂದ ಕೆಲಸ ನಿಂತಿತು. ಸ್ಥಳೀಯ ಆಡಳಿತ ಅದನ್ನು ಕೊಂಡು ದುರಸ್ತಿ ಮಾಡಿ 2016ರಲ್ಲಿ ತೆರೆಯಿತು. ಲೇಖಕನ ಕೋಟು, ಕನ್ನಡಕ, ಪುಸ್ತಕಗಳಿವೆ. ಮಡಿಕೇರಿಯ ‘ಸನ್ನಿ ಸೈಡ್’ ಜನರಲ್ ತಿಮ್ಮಯ್ಯ ಹುಟ್ಟಿದ ಮನೆ, ಬಹುಕಾಲ ಸರ್ಕಾರಿ ಕಚೇರಿಯಾಗಿತ್ತು. 2021ರ ಫೆಬ್ರವರಿಯಲ್ಲಿ ರಾಷ್ಟ್ರಪತಿ ರಾಮನಾಥ ಕೋವಿಂದ್ ಅದನ್ನು ವಸ್ತುಸಂಗ್ರಹಾಲಯವಾಗಿ ಉದ್ಘಾಟಿಸಿದರು. ಅದು ಮನೆಗಿಂತ ಹೆಚ್ಚಾಗಿ ಸೇನೆಯ ಮ್ಯೂಸಿಯಂ. ಪುತ್ತೂರಿನ ಬಾಲವನದಲ್ಲಿ ಶಿವರಾಮ ಕಾರಂತರ ಮನೆ, ನಾಟ್ಯಮಂದಿರಗಳಿವೆ. ಮಕ್ಕಳು ಓಡಾಡುವ ಜಾಗವಾಗಿ ಅದು ಉಳಿದಿರುವುದು ಕಾರಂತರ ಮನಸ್ಸಿಗೆ ಹತ್ತಿರವಾದ ಸಂಗತಿ. ಕಾಸರಗೋಡು ಜಿಲ್ಲೆಯ ಮಂಜೇಶ್ವರದಲ್ಲಿ ಗೋವಿಂದ ಪೈ (1883–1963) ಅವರ ಮನೆ ‘ಗಿಳಿವಿಂಡು’ ಹೆಸರಿನಲ್ಲಿ 2017ರಲ್ಲಿ ತೆರೆಯಿತು. ಕೇರಳದ ಆಡಳಿತದೊಳಗೆ ಕನ್ನಡದ ಕವಿಮನೆಯೊಂದು ನಿಂತಿರುವುದೇ ಅದರ ವಿಶೇಷ.

ಬೊಂಬೆಗಳ ಜಾತಿಗೆ ಶಿಗ್ಗಾವಿ ತಾಲೂಕಿನ ಗೊಟಗೋಡಿಯಲ್ಲಿ ಕಲಾವಿದ ಟಿ.ಬಿ. ಸೊಲಬಕ್ಕನವರ ಕಟ್ಟಿದ ಉತ್ಸವ ರಾಕ್ ಗಾರ್ಡನ್, ಕೊಲ್ಹಾಪುರದ ಬದಿಯ ಕಣೇರಿ ಮಠದ ಸಿದ್ಧಗಿರಿ ಗ್ರಾಮಜೀವನ ಮ್ಯೂಸಿಯಂ ಉದಾಹರಣೆ. ಕುಟ್ಟುವವಳು, ಬೀಸುವವಳು, ಕ್ಷೌರ ಮಾಡಿಸಿಕೊಳ್ಳುವ ಅಜ್ಜ, ಎಲ್ಲರೂ ಸಿಮೆಂಟಿನಲ್ಲಿ, ಆಳೆತ್ತರದಲ್ಲಿ. ಕಲಾವಿಮರ್ಶಕರು ಮೂಗು ಮುರಿಯುತ್ತಾರೆ. ಆದರೆ ಶಾಲಾ ಪ್ರವಾಸದ ಮಕ್ಕಳು ಅತ್ಯಂತ ಹೆಚ್ಚು ಪ್ರಶ್ನೆ ಕೇಳುವುದು ಇಂಥಲ್ಲೇ. ಇನ್ನೊಂದು ಮಾತೂ ನಿಜ: ದೊಡ್ಡವರ ಮನೆಯ ಮ್ಯೂಸಿಯಂಗಳಲ್ಲಿ ಕಾಣದ ಕುಂಬಾರ, ಚಮ್ಮಾರ, ಅಗಸ ಬೊಂಬೆಯಾಗಿಯಾದರೂ ಕಾಣುವುದು ಇಲ್ಲಿ.

ಸಿಕ್ಕದೆ ಹೋದ ಮನೆಗಳು

ಮೇಲಿನ ಪಟ್ಟಿಯನ್ನು ಇನ್ನೊಮ್ಮೆ ಓದಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಉಳಿದಿರುವುದೆಲ್ಲ ಮರವಿದ್ದ ಮನೆ. ಮರ ಇದ್ದದ್ದು ಜಮೀನಿದ್ದವರ ಮನೆಗೆ. ಹೊನ್ನಾವರ, ಕುಮಟಾ, ಅಂಕೋಲೆಯ ಹಾಲಕ್ಕಿ ಒಕ್ಕಲಿಗರ ಕೊಪ್ಪಗಳಲ್ಲಿ ಮನೆಯೆಂದರೆ ಮಣ್ಣಿನ ಗೋಡೆ, ಹುಲ್ಲಿನ ಮಾಡು, ಸಗಣಿ ಸಾರಿಸಿದ ಅಂಗಳ, ನಡುವೆ ತುಳಸಿ. ಶರಾವತಿ, ಅಘನಾಶಿನಿಯ ಬಾಯಲ್ಲಿ ಅಂಬಿಗರು, ಖಾರ್ವಿಗಳು ಮಡಲಿನ ಮನೆಯಲ್ಲಿದ್ದರು. ಇವು ಯಾವುವೂ ಹಳೆಯದಾಗುವ ಮನೆಗಳಲ್ಲ. ಮಾಡಿನ ಹೊದಿಕೆ ಒಂದೆರಡು ವರ್ಷಕ್ಕೆ ಬದಲು, ಗೋಡೆಗೆ ಪ್ರತಿ ಸುಗ್ಗಿಗೆ ಹೊಸ ಮಣ್ಣು. ಇನ್ನೂರು ವರ್ಷದ ಹಾಲಕ್ಕಿ ಮನೆ ಎಂಬುದು ಇರಲಾರದು, ಇನ್ನೂರು ವರ್ಷದ ಮನೆ ಕಟ್ಟುವ ಪದ್ಧತಿ ಇರುತ್ತದೆ. ಬಿಚ್ಚಿ ತರಲು ಅದರಲ್ಲಿ ಏನೂ ಇಲ್ಲ. ಕಾಪಾಡಬೇಕಾದದ್ದು ವರ್ಷ ವರ್ಷ ಅದನ್ನು ಕಟ್ಟುವ ಕೈಯನ್ನು. ಸಾಗರ, ಸಿದ್ದಾಪುರದ ದೀವರ ಮನೆಗಳ ಹಸೆ ಚಿತ್ತಾರದ ವಿಷಯವೂ ಅದೇ. ಕೆಮ್ಮಣ್ಣಿನ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿಯಲ್ಲಿ ಮದುವೆಗೆ ಬರೆದದ್ದು ಮುಂದಿನ ಮದುವೆಗೆ ಹೊಸದಾಗುತ್ತದೆ.

ಈ ಮನೆಗಳಿಂದ ನಮಗೆ ಉಳಿದಿರುವುದು ಹೆಚ್ಚಾಗಿ ಸದ್ದು. ಕುಮಟಾದ ಎಲ್.ಆರ್. ಹೆಗಡೆಯವರು ಕೊಪ್ಪ ಕೊಪ್ಪ ತಿರುಗಿ ಬರೆದುಕೊಂಡ ಜನಪದ ಹಾಡುಗಳು, ಅಂಕೋಲೆಯ ಬಡಿಗೇರಿಯ ಸುಕ್ರಿ ಬೊಮ್ಮಗೌಡರು (ಪದ್ಮಶ್ರೀ, 2017) ನೆನಪಿನಲ್ಲಿಟ್ಟು ಹಾಡಿದ ಹಾಡುಗಳು ಬೀಸುವಾಗ, ಕುಟ್ಟುವಾಗ, ತೊಟ್ಟಿಲು ತೂಗುವಾಗ ಹುಟ್ಟಿದವು. ಅವು ಮನೆಯ ಒಳಗಿನವೇ. ದೊಡ್ಡ ಮನೆಯ ಮ್ಯೂಸಿಯಂನಲ್ಲಿ ಬೀಸುಕಲ್ಲು ಇದೆ, ಹಾಡಿಲ್ಲ. ಗ್ರಂಥಾಲಯದಲ್ಲಿ ಹಾಡಿದೆ, ಬೀಸುಕಲ್ಲಿಲ್ಲ. ಬೀಸುಕಲ್ಲಿನ ಬಳಿ ಒಂದು ಧ್ವನಿಮುದ್ರಣ ಇಡುವುದಕ್ಕೆ ಹೆಚ್ಚಿನ ದುಡ್ಡೇನೂ ಬೇಡ.

ಮೌಂಟ್ ವರ್ನನ್ನಿನ ಪ್ರಶ್ನೆ ಇಲ್ಲಿಗೆ ಹೊಂದುತ್ತದೆ. ಕರಾವಳಿಯ ದೊಡ್ಡ ಮನೆಯನ್ನು ತೋರಿಸುವವರು ಕಂಬದ ಕೆತ್ತನೆ ತೋರಿಸುತ್ತಾರೆ. ಅಂಗಳದಲ್ಲಿ ಗೇಣಿ ಅಳೆಸಲು ಬಂದವನು ಎಲ್ಲಿಯವರೆಗೆ ಬರಬಹುದಿತ್ತು, ಅವನಿಗೆ ನೀರು ಯಾವ ಪಾತ್ರೆಯಲ್ಲಿ, ಎಷ್ಟು ಎತ್ತರದಿಂದ ಸುರಿಯುತ್ತಿದ್ದರು, ಮುಟ್ಟಾದ ಹೆಂಗಸು ಯಾವ ಮೂಲೆಯಲ್ಲಿ ಮೂರು ದಿನ ಕೂರಬೇಕಿತ್ತು, ತಲೆ ಬೋಳಿಸಿಕೊಂಡ ವಿಧವೆ ಯಾವ ಬಾಗಿಲಿನಿಂದ ಹೊರಗೆ ಬರುತ್ತಿದ್ದಳು ಎಂಬುದನ್ನು ಕೇಳದೆ ಹೇಳುವುದಿಲ್ಲ. ಇದೆಲ್ಲ ಆ ಮನೆಯ ವಾಸ್ತುವಿನಲ್ಲೇ ಬರೆದಿದೆ. ಕೊಳಗದ ಜೊತೆ ಕೊಳಗ ಅಳೆದವನ ಕತೆಯೂ ಬಂದರೆ ಮಾತ್ರ ಜಗುಲಿಯ ಎತ್ತರಕ್ಕೆ ಕಾರಣ ತಿಳಿದೀತು.

ನೋಡುವವರಿಗೆ

ಮನೆ ಮ್ಯೂಸಿಯಂ ನೋಡಲು ಮಳೆಗಾಲವೇ ಸರಿಯಾದ ಕಾಲ, ದಾರಿ ತೊಂದರೆಯಾದರೂ. ಬಿಸಿಲಿನಲ್ಲಿ ತೊಟ್ಟಿ ಚಂದದ ಒಂದು ಚೌಕ, ಅಷ್ಟೆ. ಜುಲೈನಲ್ಲಿ ನಾಲ್ಕು ಮಾಡಿನ ನೀರೂ ಅದರೊಳಗೆ ಧುಮುಕಿ, ಮೂಲೆಯ ಕಂಡಿಯಿಂದ ಹೊರಗೆ ಹೋಗುವುದನ್ನು ಕಂಡಾಗ ಆ ಚೌಕದ ಕೆಲಸ ತಿಳಿಯುತ್ತದೆ. ಎರಡು ಸಾಲಿನ ಕಂಬಗಳ ನಡುವೆ ನಿಂತವನ ಮೈಗೆ ಒಂದು ಹನಿ ಸಿಡಿಯುವುದಿಲ್ಲ. ಒಳಗೆ ಹೋದ ಕೂಡಲೇ ಫೋಟೋ ತೆಗೆಯುವ ಗಡಿಬಿಡಿ ಬಿಟ್ಟು ಕಣ್ಣು ಕತ್ತಲೆಗೆ ಹೊಂದುವವರೆಗೆ ನಿಲ್ಲಬೇಕು; ಆ ಕೋಣೆಗಳನ್ನು ಟ್ಯೂಬ್‌ಲೈಟಿಗಾಗಿ ಕಟ್ಟಿದ್ದಲ್ಲ. ಚಪ್ಪಲಿ ಬಿಡಿ ಎಂದರೆ ಬೇಸರಿಸಬೇಕಾಗಿಲ್ಲ, ಗಾರೆ, ಹಲಗೆ, ಮಣ್ಣು ಈ ಮೂರು ನೆಲದ ತಂಪು ಬೇರೆ ಬೇರೆ. ಅಡ್ಡಪಟ್ಟಿಗೆ ತಲೆ ಬಡಿಯುವುದು ಮಾತ್ರ ಎಲ್ಲ ಕಡೆಯೂ ಖಚಿತ.

ಜೊತೆಗೆ ಮನೆಯ ಹಿರಿಯರೊಬ್ಬರನ್ನು ಕರೆದುಕೊಂಡು ಹೋಗುವುದು ಒಳ್ಳೆಯದು. ಮಾರ್ಗದರ್ಶಿ ‘ಇದು ಪ್ರಾಚೀನ ಕಾಲದ ತುರಿಮಣೆ’ ಎಂದಾಗ ಅಜ್ಜಿ ‘ನಮ್ಮನೇಲಿ ಈಗಲೂ ಇದರಲ್ಲೇ ಕಾಯಿ ತುರಿಯೋದು’ ಅನ್ನುತ್ತಾಳೆ. ಪ್ರವಾಸದ ಉಳಿದ ಭಾಗವನ್ನು ಅವಳೇ ನಡೆಸಿಕೊಡುತ್ತಾಳೆ.

ಹಳದೀಪುರದ ಸುತ್ತಮುತ್ತ ಜನ ವಾಸವಾಗಿರುವ ಹಳೆಯ ಮನೆಗಳು ಇನ್ನೂ ಇವೆ. ಇವು ಮ್ಯೂಸಿಯಂ ಅಲ್ಲ, ಟಿಕೆಟ್ಟಿಲ್ಲ; ಪರಿಚಯದವರ ಮೂಲಕ, ಮೊದಲೇ ಹೇಳಿ, ಊಟದ ಹೊತ್ತು ತಪ್ಪಿಸಿ ಹೋಗಬೇಕು. ಬೆಲ್ಲ ನೀರನ್ನೋ ಮುರುಗಲ ಪಾನಕವನ್ನೋ ಬೇಡವೆನ್ನಬಾರದು. ಹೆಬ್ಬಾಗಿಲಿನ ಪಕ್ಕ ಮೋಟಾರ್‌ಸೈಕಲ್ಲು, ನಡುಮನೆಯಲ್ಲಿ ಟಿವಿ, ಮೆತ್ತಿನಲ್ಲಿ ಕೇಬಲ್ಲು ಇರುತ್ತದೆ. ಮನೆ ಬದುಕಿದೆ ಎಂದರೆ ಹಾಗೇ. ಅಂಥ ಮನೆಯವರು ದುರಸ್ತಿಗೆ ಯಾರನ್ನು ಕೇಳಬೇಕೆಂದು ತಿಳಿಯದೆ ಇರುತ್ತಾರೆ. 1961ರ ರಾಜ್ಯ ಪ್ರಾಚೀನ ಸ್ಮಾರಕಗಳ ಕಾಯಿದೆಯ ನೆರಳು ಕೋಟೆ, ಗುಡಿ, ಬಸದಿಗಳ ಮೇಲೆ ಬಿದ್ದಷ್ಟು ಖಾಸಗಿ ಮನೆಗಳ ಮೇಲೆ ಬಿದ್ದಿಲ್ಲ. ಹಂಚು ಇಳಿಸಿ, ಒಡೆದದ್ದನ್ನು ಬದಲಿಸಿ, ರೀಪು ತಿದ್ದಿ ಮತ್ತೆ ಹೊದಿಸುವ ಕೆಲಸ ಏಪ್ರಿಲ್, ಮೇ ತಿಂಗಳಲ್ಲಿ ಆಗಬೇಕು. ಅದನ್ನು ಬಲ್ಲ ಆಳು ಸಿಗುವುದು ವರ್ಷದಿಂದ ವರ್ಷಕ್ಕೆ ಕಷ್ಟವಾಗಿ, ಹಂಚಿನ ಮೇಲೆಯೇ ತಗಡಿನ ಚಪ್ಪರ ಎಳೆದುಬಿಡುವುದು ಈಗ ರೂಢಿ. ನೋಡಲು ಸೊಗಸಿಲ್ಲ, ಆದರೆ ತಗಡಿನಡಿ ಎಷ್ಟೋ ಒಳ್ಳೆಯ ಮನೆ ಇನ್ನೂ ಒಣಗಿಕೊಂಡು ನಿಂತಿದೆ.

ಮಣಿಪಾಲಕ್ಕೆ ಹಳದೀಪುರದಿಂದ ಹೆದ್ದಾರಿ ಹಿಡಿದರೆ ಭಟ್ಕಳ, ಬೈಂದೂರು, ಕುಂದಾಪುರದ ಮೇಲೆ ಉಡುಪಿಗೆ ಹೋಗಿ ಪೂರ್ವಕ್ಕೆ ತಿರುಗಬೇಕು. ರೈಲಿನಲ್ಲಾದರೆ ಹೊನ್ನಾವರ ಅಥವಾ ಕುಮಟಾದಲ್ಲಿ ಹತ್ತಿ ಉಡುಪಿಯಲ್ಲಿ ಇಳಿಯುವುದು. ಕುಪ್ಪಳಿಗೆ ರೈಲಿಲ್ಲ, ಹೊನ್ನಾವರದಿಂದ ಸಾಗರದ ಬಸ್ಸು ಹತ್ತಿ, ಅಲ್ಲಿಂದ ತೀರ್ಥಹಳ್ಳಿಗೆ, ಮುಂದೆ ಕೊಪ್ಪದ ಬಸ್ಸಿಗೆ ಬದಲಿಸಬೇಕು. ಘಟ್ಟದ ಮಳೆಯಲ್ಲಿ ಆ ಬಸ್ಸು ತಪ್ಪಿದರೆ ತೀರ್ಥಹಳ್ಳಿಯಲ್ಲೇ ರಾತ್ರಿ ಉಳಿದು ಬೆಳಿಗ್ಗೆ ಹೋಗುವುದು ಸರಿ.